ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋ ಹತ್ತು ಹೆಜ್ಜೆ: ಒಂಟಿಯಾಗಿರೋ ಹಿರಿಯರು ಬೀಳದ ಹಾಗೆ ನೋಡ್ಕೊಳ್ಳೋದರ ಬಗ್ಗೆ ನೋಟ್ಸ್

ನಮ್ಮ ಕೋರ್ಸ್ ಪುಸ್ತಕದಲ್ಲಿ ಹಿರಿಯರು ಯಾಕೆ ಬೀಳ್ತಾರೆ ಅನ್ನೋ ಟಾಪಿಕ್ಕನ್ನ ಎರಡು ಕಾಲಮ್ ಮಾಡಿ ಕೊಟ್ಟಿರ್ತಾರೆ, ದೇಹದ ಕಾರಣ ಒಂದು ಕಡೆ, ಮನೆಯ ಕಾರಣ ಇನ್ನೊಂದು ಕಡೆ. ಬಾಯಿಪಾಠ ಮಾಡಿದ್ರೆ ಪರೀಕ್ಷೇಲಿ ಬರೀಬಹುದು, ಆದ್ರೆ ಪೋಸ್ಟಿಂಗಲ್ಲಿ (ತರಬೇತಿಯ ಫೀಲ್ಡ್ ಕೆಲಸದಲ್ಲಿ) ಮನೆಮನೆಗೆ ಹೋದಾಗ ನಂಗೆ ಕಂಡಿದ್ದು ಏನಂದ್ರೆ ಆ ಎರಡೂ ಕಾಲಮ್ ಸೇರಿದಾಗ್ಲೇ ಜನ ಬೀಳೋದು. ಅದಕ್ಕೆ ಒಬ್ರೇ ಇರೋ ಒಬ್ಬ ಅಜ್ಜಿ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ರು ಅಂತ ಇಟ್ಕೊಂಡು ಬರೀತಿದೀನಿ, ಹೀಗೆ ಓದಿದ್ರೆ ನೆನಪಲ್ಲಿ ಉಳಿಯುತ್ತೆ.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಜಗತ್ತಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ, ಅದ್ರಲ್ಲಿ ಶೇ. 80ಕ್ಕಿಂತ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ರೆ ಮುಂದಿನ ಸ್ಥಾನ ಇದಕ್ಕೇ.

ಈಗ ಅಜ್ಜಿ ಹತ್ರ ಬರೋಣ. ಮಲಗಿದ್ದೋರು ತಟಕ್ಕನೆ ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತೆ, ವಯಸ್ಸಾದ ಮೇಲೆ ದೇಹ ಅದನ್ನ ಬೇಗ ಸರಿದೂಗಿಸಲ್ಲ, ತಲೆ ಸುತ್ತುತ್ತೆ. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ ಕನಿಷ್ಠ 20 ಅಥವಾ ಕೆಳಗಿನದು ಕನಿಷ್ಠ 10 ಇಳಿದ್ರೆ ಅದೇ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್. ಹಂಗಾಗಿ ಕೂತಾಗ ಮಾತ್ರ ಬಿಪಿ ನೋಡಿ ಬಂದ್ರೆ ಇದು ಸಿಗೋದೇ ಇಲ್ಲ, ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ನೋಡ್ಲೇಬೇಕು. ಆಮೇಲೆ ಮಾತ್ರೆ ಡಬ್ಬಿ ಪೂರ್ತಿ ತರಿಸಿ ನೋಡಿ: ಬಿಪಿ ಮಾತ್ರೆ, ನೀರು ಹೋಗೋ ಮಾತ್ರೆ (ಮೂತ್ರ ಹೆಚ್ಚು ಮಾಡೋದು), ನಿದ್ದೆ ಮಾತ್ರೆ, ಶುಗರ್ ಮಾತ್ರೆ, ನೆಗಡಿಗೆ ಅಂತ ಮೆಡಿಕಲ್ ಶಾಪಲ್ಲಿ ತಾವೇ ತಗೊಂಡ ಮಂಪರು ಬರೋ ಮಾತ್ರೆ ಕೂಡ. ನಾವಾಗೇ ಏನನ್ನೂ ನಿಲ್ಲಿಸೋ ಹಾಗಿಲ್ಲ, ಆದ್ರೆ ನೀರಿನ ಮಾತ್ರೆ ಸಂಜೆ ತಗೋತಿದ್ರೆ ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನ ಕೇಳೋಕೆ ಹೇಳಬಹುದು, ಅಷ್ಟರಿಂದ್ಲೇ ರಾತ್ರಿ ಏಳೋದು ಕಮ್ಮಿಯಾಗಬಹುದು. ಎದ್ದಾಗ್ಲೂ ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಬೇಕು.

ಮುಂದೆ ಕತ್ತಲು. ದಾರೀಲಿ ಒಂದು ಸಣ್ಣ ನೈಟ್ ಲ್ಯಾಂಪ್, ದಿಂಬಿನ ಪಕ್ಕ ಟಾರ್ಚ್, ಕರೆಂಟ್ ಹೋಗೋ ಊರಲ್ಲಂತೂ ಟಾರ್ಚ್ ಬೇಕೇ ಬೇಕು. ಬೈಫೋಕಲ್ ಕನ್ನಡಕದ ಕೆಳಭಾಗ ಓದೋಕೆ ಮಾಡಿರೋದು, ಅದ್ರಲ್ಲಿ ಕಾಲ ಹತ್ರದ ಹೊಸಿಲು, ಮೆಟ್ಟಿಲು ಮಂಜು ಮಂಜಾಗಿ ಕಾಣುತ್ತೆ. ಪೊರೆ ಬಂದಿದ್ರೆ ಆಪರೇಷನ್ ಮುಂದೆ ಹಾಕಬಾರದು. ಹೊಸಿಲಿಗೆ ಹೊಳೆಯೋ ಬಣ್ಣದ ಪಟ್ಟಿ ಅಂಟಿಸಿ, ಜಾರೋ ಕಾಲೊರಸು ತೆಗೀರಿ, ನೆಲಕ್ಕೆ ತಾಗೋ ನೈಟಿನ ಸ್ವಲ್ಪ ಮೇಲಕ್ಕೆ ಹೊಲಿಸಿ.

ಬಚ್ಚಲಲ್ಲಿ ನಾನು ಮನೆಮನೇಲೂ ಕಂಡ ತಪ್ಪು ಒಂದೇ, ಟವೆಲ್ ಹಾಕೋ ರಾಡನ್ನೋ ನಲ್ಲಿಯನ್ನೋ ಹಿಡ್ಕೊಂಡು ಏಳ್ತಾರೆ. ಅವು ಮೈಭಾರ ತಡೆಯಲ್ಲ, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿ ಬೇರೆಯೇ ಹಾಕಿಸಬೇಕು, ಬಾಡಿಗೆ ಮನೆ ಆದ್ರೆ ಓನರ್ ಹತ್ರ ಮಾತಾಡೋಕೆ ಮಕ್ಕಳಿಗೆ ಹೇಳಿ. ಸ್ನಾನ ಕೂತು ಮಾಡೋಕೆ ಅಲ್ಲಾಡದ ಸ್ಟೂಲ್, ಕೂತೇಳೋಕೆ ಕಷ್ಟ ಇದ್ರೆ ಇಂಡಿಯನ್ ಟಾಯ್ಲೆಟ್ ಮೇಲೆ ಇಡೋ ಕಮೋಡ್ ಚೇರ್. ಅಟ್ಟೆ ಸವೆದ ಹವಾಯಿ ಚಪ್ಪಲಿ ಎಸೀಲೇಬೇಕು. ಚಿಲಕ ಒಳಗಿಂದ ಹಾಕ್ಕೊಳ್ಳಬೇಡಿ ಅಂತ ಹೇಳಿ, ಬಿದ್ರೆ ಬಾಗಿಲು ಒಡೆಯೋಕೆ ಹೊತ್ತು ಹೋಗುತ್ತೆ.

"ಬಿದ್ದಿದೀರಾ?" ಅಂತ ಕೇಳಿದ್ರೆ ಇಲ್ಲ ಅಂತಾರೆ. ಮಗ ತನ್ನ ಜೊತೆ ಕರ್ಕೊಂಡ್ ಹೋಗ್ಬಿಡ್ತಾನೆ, ಸ್ವಂತ ಮನೆ ಬಿಡಬೇಕಾಗುತ್ತೆ ಅನ್ನೋ ಭಯ ಅದು, ಆ ಭಯಾನ ಗೌರವದಿಂದ ನೋಡಿ. "ಅಜ್ಜಿ, ಈ ವರ್ಷ ಎಲ್ಲಾದ್ರೂ ಎಡವಿದ್ರಾ, ಜಾರಿದ್ರಾ, ಗೋಡೆ ಹಿಡ್ಕೊಂಡು ಓಡಾಡ್ತೀರಾ?" ಅಂತ ಕೇಳಿದ್ರೆ ಬಾಯಿ ಬಿಡ್ತಾರೆ. ಪರೀಕ್ಷೆ ಸುಲಭ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ವಾಪಸ್ ಬಂದು ಕೂರೋಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದ್ರೆ ಬೀಳೋ ಅಪಾಯ ಇದೆ ಅಂತ ಅರ್ಥ.

ಒಂದು ವಿಷಯ ನಾವು ಬಿಟ್ಟೇಬಿಡ್ತೀವಿ, ವ್ಯಾಯಾಮ. 2019ರ ಕಾಕ್ರೇನ್ ರಿವ್ಯೂ (ಹಲವು ಅಧ್ಯಯನಗಳನ್ನ ಒಟ್ಟಿಗೆ ನೋಡಿದ ವಿಮರ್ಶೆ) ಪ್ರಕಾರ ವ್ಯಾಯಾಮದಿಂದ ಬೀಳೋದು ಸುಮಾರು ಶೇ. 23 ಕಮ್ಮಿಯಾಗುತ್ತೆ, ಅದ್ರಲ್ಲೂ ಬ್ಯಾಲೆನ್ಸ್ ಸುಧಾರಿಸೋ ವ್ಯಾಯಾಮ ಮುಖ್ಯ, ಬರೀ ವಾಕಿಂಗ್ ಸಾಲಲ್ಲ. ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಕುರ್ಚಿಯಿಂದ ನಿಧಾನ ಎದ್ದು ಕೂರೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲೋದು. ಒಮ್ಮೆ ಬಿದ್ದೋರು ಹೆದರಿ ಓಡಾಟಾನೇ ನಿಲ್ಲಿಸ್ತಾರೆ, ಕಾಲು ಇನ್ನೂ ಸೋಲುತ್ತೆ, ಮತ್ತೆ ಬೀಳ್ತಾರೆ, ಅದಕ್ಕೆ ಬಿದ್ದೋರಿಗೇ ಇದು ಮೊದಲು ಬೇಕು.

ಇಷ್ಟಾದ್ರೂ ಬಿದ್ರೆ? ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿದ್ರೆ ಒತ್ತಡಕ್ಕೆ ಸ್ನಾಯು ಹಾಳಾಗಿ ಕಿಡ್ನಿಗೂ ಪೆಟ್ಟಾಗಬಹುದು. ನೋವು ಜಾಸ್ತಿ ಇಲ್ಲ, ಕೈಕಾಲು ಆಡುತ್ತೆ ಅಂದ್ರೆ ಮಾತ್ರ ಪಕ್ಕಕ್ಕೆ ಹೊರಳಿ, ಮಂಡಿ ಅಂಗೈ ಊರಿ, ಅಂಬೆಗಾಲಲ್ಲಿ ಕುರ್ಚಿ ತನಕ ಹೋಗಿ ಅದನ್ನ ಹಿಡಿದು ಏಳೋದನ್ನ ಮೊದಲೇ ಕಲಿಸಿ. ಸೊಂಟ ನೋಯ್ತಿದ್ರೆ ಅಲ್ಲಾಡಬಾರದು, 108ಕ್ಕೆ ಫೋನ್. ಆ ಫೋನು ಮೇಜಿನ ಮೇಲಿದ್ರೆ ಪ್ರಯೋಜನ ಇಲ್ಲ, ಕುತ್ತಿಗೆಯ ದಾರದಲ್ಲಿ ಅಥವಾ ನೆಲದಿಂದ ಕೈ ಸಿಗೋ ಎತ್ತರದಲ್ಲಿ ಇರಬೇಕು, ಮನೆಯ ಇನ್ನೊಂದು ಕೀ ಪಕ್ಕದ ಮನೆಯವರ ಹತ್ರ ಇರಬೇಕು.