ಮೂಳೆಗೆ ಲೆಕ್ಕ ಬರುವುದಿಲ್ಲ, ಮೇಷ್ಟ್ರೇ

ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ನನ್ನ ಹತ್ತಿರ ಬಂದರು. ಮೊದಲು ತೋರಿಸಿದ್ದು ಸ್ಕ್ಯಾನ್ ವರದಿಯನ್ನಲ್ಲ, ಕೈಗೆ ಕಟ್ಟಿದ ಸ್ಮಾರ್ಟ್‌ವಾಚನ್ನು.

"ನೋಡಿ, ನಿನ್ನೆ 11,240 ಹೆಜ್ಜೆ. ಮೊನ್ನೆ 10,800. ಎರಡು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಆದ್ರೂ ಸೊಂಟದ ಮೂಳೆ ಸವೆದಿದೆ ಅಂತಾರೆ. ಆ ಮೆಷಿನ್ನೇ ಕೆಟ್ಟಿರಬೇಕು."

ಮೆಷಿನ್ ಕೆಟ್ಟಿರಲಿಲ್ಲ. ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಸಾಂದ್ರತೆ ಹೇಳುವ ಅಂಕಿ, ಮೈನಸ್ 2.6 ಇತ್ತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ರೋಗ, ಎನ್ನುತ್ತೇವೆ. ಗಂಡಸರಲ್ಲಿ ಹೀಗೆ ಬಂದರೆ ಹಿಂದೆ ಬೇರೇನಾದರೂ ಕಾರಣ ಇದೆಯೇ ಎಂದು ವೈದ್ಯರು ಹುಡುಕಬೇಕು. ಅದು ಅವರ ಕೆಲಸ. ಫಿಸಿಯೋಥೆರಪಿಸ್ಟ್ ಆದ ನನ್ನ ಪಾಲಿಗೆ ಬರುವುದು ಈ ವಾಚಿನ ಜಗಳ. ಇದು ಮೇಷ್ಟ್ರೊಬ್ಬರದಲ್ಲ. ಈಗೀಗ ವಾರಕ್ಕೆ ಮೂರು ಜನರಾದರೂ ಹೆಜ್ಜೆಗಳ ಲೆಕ್ಕ ಹಿಡಿದು ಬರುತ್ತಾರೆ, ಬ್ಯಾಂಕ್ ಪಾಸ್‌ಬುಕ್ ತಂದಂತೆ. ಇಷ್ಟು ಕಟ್ಟಿದ್ದೇನೆ, ಬಡ್ಡಿ ಎಲ್ಲಿ?

ಕ್ಯಾಲ್ಸಿಯಂ, ವಿಟಮಿನ್ ಡಿ, ರಾಗಿ ಮುದ್ದೆ, ಬೆಳಗಿನ ಬಿಸಿಲು, ಇದೆಲ್ಲ ನಿಮಗೆ ಗೊತ್ತು. ನಾನು ಮತ್ತೆ ಹೇಳುವುದಿಲ್ಲ. ಒಂದು ಮಾತು ಮಾತ್ರ. ಮನೆ ಮುಂದೆ ಇಟ್ಟಿಗೆ ಲಾರಿ ಬಂದು ನಿಂತ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಗಾರೆಯವನಿಗೆ ಯಾರಾದರೂ ಕೆಲಸ ಹೇಳಬೇಕು. ಆ ಮೇಸ್ತ್ರಿ ಯಾರು, ಅವನಿಗೆ ಯಾವ ಭಾಷೆ ಅರ್ಥವಾಗುತ್ತದೆ ಎನ್ನುವುದೇ ಜನಕ್ಕೆ ತಿಳಿಯದ ಸಂಗತಿ.

ಮೂಳೆ ಎಂದರೆ ಒಣಕೋಲು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಶಾಲೆಯ ಲ್ಯಾಬಿನಲ್ಲಿ ನೇತಾಡುತ್ತಿದ್ದ ಅಸ್ಥಿಪಂಜರದ ತಪ್ಪು ಅದು. ಬದುಕಿರುವವರ ಮೂಳೆ ಒದ್ದೆ. ಅದರೊಳಗೆ ಆಸ್ಟಿಯೋಸೈಟ್ ಎಂಬ ಜೀವಕೋಶಗಳು ಹುದುಗಿ ಕೂತಿವೆ. ದೊಡ್ಡವರ ಮೂಳೆಯ ಜೀವಕೋಶಗಳಲ್ಲಿ ನೂರಕ್ಕೆ 90ರಿಂದ 95 ಇವೇ. ಒಬ್ಬರ ಮೈಯಲ್ಲಿ ಸುಮಾರು 4,200 ಕೋಟಿ ಇರಬಹುದೆಂದು ಅಂದಾಜು. ಒಂದೊಂದಕ್ಕೂ ಹತ್ತಾರು ಎಳೆಗಳು. ತಲೆಕೂದಲಿಗಿಂತ ನೂರು ಪಟ್ಟಿಗೂ ಹೆಚ್ಚು ಸಣ್ಣ ಕಾಲುವೆಗಳಲ್ಲಿ ಆ ಎಳೆಗಳು ಹರಡಿಕೊಂಡು ಅಕ್ಕಪಕ್ಕದ ಕೋಶಗಳ ಕೈಹಿಡಿದಿರುತ್ತವೆ. ಎಳೆಗೂ ಕಾಲುವೆಯ ಗೋಡೆಗೂ ನಡುವಿನ ಸಂದಿನಲ್ಲಿ ನೀರು. ಅಡಿಕೆ ತೋಟದ ಬಸಿಗಾಲುವೆಗಳನ್ನು ನೆನಪಿಸಿಕೊಳ್ಳಿ, ಅಂಥದ್ದೇ ಜಾಲ.

ಈ ನೀರೇ ಇಡೀ ಕತೆ. ನೀವು ಜಿಗಿದಾಗ ಮೂಳೆ ಎಷ್ಟು ಕುಗ್ಗುತ್ತದೆ? ಸಾವಿರಕ್ಕೆ ಒಂದೆರಡು ಪಾಲು, ಅಷ್ಟೇ. ಲ್ಯಾಬಿನ ತಟ್ಟೆಯಲ್ಲಿ ಜೀವಕೋಶವನ್ನು ಅಷ್ಟೇ ಎಳೆದರೆ ಅದು ಕ್ಯಾರೇ ಅನ್ನುವುದಿಲ್ಲ. ಅದಕ್ಕೆ ಸುಮಾರು ಹತ್ತು ಪಟ್ಟು ಜಾಸ್ತಿ ಎಳೆತ ಬೇಕು. ಹಾಗಾದರೆ ಮೂಳೆಯೊಳಗೆ ಅದಕ್ಕೆ ಸುದ್ದಿ ಮುಟ್ಟುವುದು ಹೇಗೆ? ಇದು ವಿಜ್ಞಾನಿಗಳನ್ನೂ ಬಹಳ ದಿನ ಕಾಡಿತ್ತು. ಈಗ ಹೆಚ್ಚಿನವರು ಒಪ್ಪುವ ಉತ್ತರ ಇದು: ಮೂಳೆ ಚೂರು ಬಾಗಿದಾಗ ಒಂದು ಕಡೆ ಹಿಂಡಿದಂತಾಗಿ ನೀರು ಇನ್ನೊಂದು ಕಡೆಗೆ ನುಗ್ಗುತ್ತದೆ. ಇಕ್ಕಟ್ಟಿನ ಕಾಲುವೆಯಲ್ಲಿ ನುಗ್ಗುವ ನೀರು ಎಳೆಗಳನ್ನು ಜಗ್ಗುತ್ತದೆ. ಕೋಶದ ಪೊರೆಯಲ್ಲಿರುವ ಪೀಝೋ-1 ಎಂಬ ಪುಟ್ಟ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ಬರುತ್ತದೆ. ಇದೊಂದೇ ದಾರಿಯಲ್ಲ, ಬೇರೆಯವೂ ಇವೆ. ಆದರೆ ಇದು ಮುಖ್ಯವಾದದ್ದು. ಈ ಬಾಗಿಲುಗಳನ್ನು 2010ರಲ್ಲಿ ಪತ್ತೆ ಮಾಡಿದ್ದು ಆರ್ಡೆಮ್ ಪಟಪೌಟಿಯನ್ ಅವರ ತಂಡ. ಸ್ಪರ್ಶದ ಗುಟ್ಟು ಬಿಡಿಸಿದ್ದಕ್ಕೆ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಸುದ್ದಿ ಮುಟ್ಟಿದ ಮೇಲೆ? ಆಸ್ಟಿಯೋಸೈಟ್ ಮಾಮೂಲಿ ದಿನಗಳಲ್ಲಿ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಬಿಡುತ್ತಾ ಇರುತ್ತದೆ. ಮೂಳೆ ಕಟ್ಟುವ ಕೋಶಗಳಿಗೆ ಅದು "ಇವತ್ತು ಕೆಲಸ ಇಲ್ಲ, ಹೋಗ್ರಪ್ಪ" ಎಂದು ಹೇಳಿದಂತೆ. ಒತ್ತಡ ಬಿದ್ದರೆ ಸ್ಕ್ಲೆರೋಸ್ಟಿನ್ ಇಳಿಯುತ್ತದೆ, ಕಟ್ಟುವವರು ಬರುತ್ತಾರೆ. ಸುಮ್ನೆ ಕೂತರೆ ಏರುತ್ತದೆ, ಜೊತೆಗೆ ಒಡೆಯುವವರಿಗೂ ಕರೆ ಹೋಗುತ್ತದೆ. ಬಾಹ್ಯಾಕಾಶದಲ್ಲಿ ಮೈಭಾರವೇ ಇಲ್ಲದ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಕರಗುತ್ತಿದ್ದದ್ದು ಹೀಗೆಯೇ. ಅಮ್ಮನಿಗೆ ಮೂಳೆ ಸವೆದಿದೆ ಎಂದು ಕಾಫಿ ಲೋಟವನ್ನೂ ಕೈಗೇ ತಂದುಕೊಡುವ ಮಕ್ಕಳಿದ್ದಾರಲ್ಲ, ಅವರ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ಆದರೆ ಅವರು ಅಮ್ಮನನ್ನು ಮೆಲ್ಲಗೆ ಅಂತರಿಕ್ಷಕ್ಕೆ ಕಳಿಸುತ್ತಿದ್ದಾರೆ.

ಈಗ ಮೇಷ್ಟ್ರ ಹೆಜ್ಜೆಗೆ ಬರೋಣ. ನೀರು ಹರಿದರೆ ಮಾತ್ರ ಸುದ್ದಿ, ಅಲ್ವಾ? ಹಾಗಾದರೆ ಒತ್ತಿ ಹಿಡಿದು ಇಟ್ಟರೆ ಸುದ್ದಿಯಿಲ್ಲ. ನೀರು ಒಮ್ಮೆ ಸರಿದು ನಿಂತುಬಿಡುತ್ತದೆ. ನಿಧಾನವಾಗಿ ಒತ್ತಿದರೆ ಪಿಸುಮಾತು. ಪಟ್ಟನೆ ಒತ್ತಿ ಪಟ್ಟನೆ ಬಿಟ್ಟರೆ ಕೂಗು. ಇನ್ನು ಅದೇ ಕೂಗು ಸಾವಿರ ಸಲ ಬಂದರೆ? ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಾಗ ಬಾಗಿಲಲ್ಲಿ ನಿಂತ ನೆಂಟರು ಸೀನುತ್ತಾರೆ, ಒಲೆ ಮುಂದೆ ನಿಂತವರಿಗೆ ಘಾಟೇ ಗೊತ್ತಾಗುವುದಿಲ್ಲ. ಆಸ್ಟಿಯೋಸೈಟೂ ಹಾಗೇ ಒಗ್ಗಿಹೋಗುತ್ತದೆ.

1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಸ್ ಲ್ಯಾನ್ಯನ್ ಹುಂಜದ ರೆಕ್ಕೆಯ ಮೂಳೆಯ ಮೇಲೆ ಒಂದು ಪ್ರಯೋಗ ಮಾಡಿದರು. ರೆಕ್ಕೆ ಬಡಿಯದಂತೆ ಮಾಡಿ, ದಿನಕ್ಕೆ ಇಂತಿಷ್ಟೇ ಸಲ ಯಂತ್ರದಿಂದ ಒತ್ತಡ ಕೊಟ್ಟರು. ಒತ್ತಡವೇ ಇಲ್ಲದ ಮೂಳೆ ಸವೆಯಿತು. ದಿನಕ್ಕೆ ಬರೀ 4 ಸಲ ಒತ್ತಿದ್ದು ಸವೆಯದೆ ಉಳಿಯಿತು. 36 ಸಲಕ್ಕೆ ಬೆಳೆಯಿತು. 1,800 ಸಲ ಒತ್ತಿದ್ದು? 36ಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ನನಗೆ ಈ ಪ್ರಯೋಗದ ಮೇಲೆ ಒಂದು ಥರ ಮೋಹ. ಎಷ್ಟು ಜನರಿಗೆ ಹೇಳಿದ್ದೇನೋ, ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ ನನ್ನನ್ನು ಕೋಳಿ ಕತೆಯವರು ಎನ್ನುತ್ತಾಳೆ. ಅದೇ ಜೋಡಿ ಟರ್ಕಿ ಕೋಳಿಯ ರೆಕ್ಕೆಗೆ ಒತ್ತಡವನ್ನು ಬಿಡದೆ ಹಿಡಿದಿಟ್ಟು ನೋಡಿದರು. ಒತ್ತಡವೇ ಇಲ್ಲದ ಮೂಳೆಯಂತೆ ಅದೂ ಸವೆಯಿತು. ಜಪಾನಿನಲ್ಲಿ ಇಲಿಗಳನ್ನು ದಿನಕ್ಕೆ ಐದೇ ಸಲ ಜಿಗಿಸಿದರೂ ಮೂಳೆ ಬಲವಾಯಿತು. ಮಂಕಾದ ಕೋಶಗಳು ಮತ್ತೆ ಚುರುಕಾಗಲು ಇಲಿಗಳಲ್ಲಿ ಸುಮಾರು 8 ಗಂಟೆ ಬೇಕಾಯಿತು. ಇಲಿ, ಕೋಳಿಯ ಅಂಕಿಯನ್ನು ನೇರವಾಗಿ ಮನುಷ್ಯರಿಗೆ ಅಂಟಿಸಬಾರದು. ಆದರೆ ದಿಕ್ಕು ಅದೇ.

ಮೇಷ್ಟ್ರು ದಿನಾ ಅದೇ ಸಪಾಟು ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಚಪ್ಪಲಿಯಲ್ಲಿ ಹೋಗಿ ಬರುತ್ತಾರೆ. ಮೊದಲ ಕೆಲವು ಹೆಜ್ಜೆ ಕೇಳಿಸಿಕೊಂಡ ಮೂಳೆ ಆಮೇಲೆ ನಿದ್ದೆ ಮಾಡುತ್ತದೆ. ನಡಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ, ಮನೆಯವರ ನೆಮ್ಮದಿಗೆ ನಡಿಗೆ ಬೇಕು. ಮಲಗೇ ಇದ್ದವರು ಎದ್ದು ನಡೆದರೆ ಅವರ ಮೂಳೆಗೂ ಅದು ಹೊಸ ಸುದ್ದಿ. ಆದರೆ ಹತ್ತು ಸಾವಿರವನ್ನು ಹದಿನೈದು ಸಾವಿರ ಮಾಡಿದರೆ ಸೊಂಟ ಗಟ್ಟಿಯಾಗುತ್ತದೆ ಎನ್ನುವುದು ಸುಳ್ಳು. ಸೈಕಲ್ ಸವಾರರು, ಈಜುಗಾರರು ಎಷ್ಟು ಬೆವರುತ್ತಾರೆ! ಆದರೂ ಜಿಗಿಯುವ ಆಟಗಾರರಿಗೆ ಹೋಲಿಸಿದರೆ ಅವರ ಮೂಳೆ ತೆಳ್ಳಗೇ ಇರುತ್ತದೆ. ಸೀಟು ಹೊರುತ್ತದೆ, ನೀರು ಹೊರುತ್ತದೆ, ಮೂಳೆ ಹೊರುವುದು ಕಡಿಮೆ.

ನಾವು ಹುಡುಗರಾಗಿದ್ದಾಗ ಆಡಿದ ಕುಂಟೆಬಿಲ್ಲೆ ಇದೆಯಲ್ಲ, ಯಾವ ಮೂಳೆ ತಜ್ಞನೂ ಅದಕ್ಕಿಂತ ಚೆನ್ನಾದ ವ್ಯಾಯಾಮ ರೂಪಿಸಲಾರ. ಒಂಟಿ ಕಾಲಲ್ಲಿ ನಾಲ್ಕು ಕುಪ್ಪಳಿಕೆ, ತಿರುವು, ಬಗ್ಗಿ ಬಿಲ್ಲೆ ಎತ್ತುವುದು. ಔಟಾದರೆ ಗೋಡೆಗೊರಗಿ ಮುಂದಿನ ಸರದಿಗೆ ಕಾಯುವುದು. ಅದೂ ಮೂಳೆ ಬೆಳೆಯುವ ವಯಸ್ಸಿನಲ್ಲೇ. ಈಗಿನ ಮಕ್ಕಳನ್ನು ಬೈಯಲು ಇಲ್ಲಿ ಒಳ್ಳೆಯ ಜಾಗವಿದೆ, ಬಿಡಿ.

ಹಾಗಂತ ಇದನ್ನು ಓದಿದ ಅರವತ್ತೈದರ ಅತ್ತೆಯವರು ನಾಳೆ ಬೆಳಿಗ್ಗೆ ಅಂಗಳದಲ್ಲಿ ಕುಪ್ಪಳಿಸಬಾರದು. ಬೆನ್ನುಮೂಳೆ ಕುಸಿದಿದ್ದರೆ, ಆಯ ತಪ್ಪುತ್ತಿದ್ದರೆ, ಮಂಡಿ ಕೆಟ್ಟಿದ್ದರೆ ಲೆಕ್ಕವೇ ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 58 ದಾಟಿದ, ಮೂಳೆ ಸವೆದ 101 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನ ವಾರಕ್ಕೆ ಎರಡೇ ಸಲ, ಅರ್ಧ ಗಂಟೆ, ನಿಜಕ್ಕೂ ಭಾರವಾದ ತೂಕ ಎತ್ತಿದರು. ಸರಳು ಹಿಡಿದು ಜಿಗಿದು ನೆಲಕ್ಕಿಳಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ ಸುಮಾರು 3ರಷ್ಟು ಏರಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದು ಒಂದಿಷ್ಟು ಇಳಿಯಿತು. ಆದರೆ ಆ ಹೆಂಗಸರ ಪಕ್ಕದಲ್ಲಿ ಪ್ರತಿ ಸಲವೂ ತರಬೇತಿ ಪಡೆದವರು ನಿಂತಿದ್ದರು. ವಿಡಿಯೋ ನೋಡಿ ಮಾಡುವ ಕೆಲಸ ಇದಲ್ಲ.

ನಾನೂ ಒಮ್ಮೆ ಎಡವಿದ್ದೇನೆ. ಒಬ್ಬರಿಗೆ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಪಟ್ಟನೆ ನೆಲಕ್ಕೆ ಬಿಡುವ ವ್ಯಾಯಾಮ ಹೇಳಿಕೊಟ್ಟೆ. ಎಷ್ಟು ಸಲ ಎಂದು ಹೇಳಿದ್ದೆ, ಅದಕ್ಕಿಂತ ಜಾಸ್ತಿ ಬೇಡ ಎಂದು ಹೇಳಿರಲಿಲ್ಲ. ಆಯಮ್ಮ ಸೀರಿಯಲ್ ಮುಗಿಯುವವರೆಗೂ, ಜಾಹೀರಾತು ಸೇರಿಸಿ, ಹಿಮ್ಮಡಿ ಕುಟ್ಟಿದರು. ಮೂರನೇ ದಿನ ಕಾಲು ಊರಲಾಗದೆ ಆಟೋದಲ್ಲಿ ಬಂದರು. ಕೆಳಗಿನ ಮನೆಯವರೂ ಜಗಳಕ್ಕೆ ಬಂದಿದ್ದರಂತೆ.

ಮೇಷ್ಟ್ರಿಗೆ ವೈದ್ಯರು ಔಷಧಿ ಶುರು ಮಾಡಿದರು. ನಾನು ಮೊದಲು ಎರಡು ತಿಂಗಳು ಕಾಲಿನ ಶಕ್ತಿ, ಆಯ ನೋಡಿಕೊಂಡೆ. ಈಗ ಅವರು ಕಂಬಿ ಹಿಡಿದು ಬೆಳಿಗ್ಗೆ 15 ಸಲ, ಸಂಜೆ 15 ಸಲ ಹಿಮ್ಮಡಿ ಬಿಡುತ್ತಾರೆ, ಐದೈದಕ್ಕೆ ಒಮ್ಮೆ ನಿಂತು. ವಾರಕ್ಕೆರಡು ದಿನ ಕ್ಲಿನಿಕ್ಕಿಗೆ ಬಂದು ತೂಕ ಎತ್ತುತ್ತಾರೆ. ತೂಕವನ್ನು ತಿಂಗಳಿಗೊಮ್ಮೆ ಚೂರು ಏರಿಸುತ್ತೇವೆ. ಮೂಳೆ ನಿಧಾನಸ್ಥ, ಮುಂದಿನ ಸ್ಕ್ಯಾನ್ ಒಂದು ವರ್ಷದ ಮೇಲೇ. ವಾಚು ಮೊಮ್ಮಗನ ಕೈಗೆ ಹೋಗಿದೆ. ಆದರೆ ಗೆರೆ ಹಾಕಿದ ನೋಟ್‌ಬುಕ್ ಬಂದಿದೆ, ದಿನಾಂಕ ಕೆಂಪು ಶಾಯಿಯಲ್ಲಿ. ಪ್ರತಿ ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಫೋನ್ ಬರುತ್ತದೆ.

"ಹದಿನೈದನ್ನ ಐವತ್ತು ಮಾಡ್ಲಾ?"