ಮ್ಯಾಗಿ ಕಟ್ಟಿಕೊಂಡಿದ್ದು ವಿಲ್ಲಿಯನ್ನೋ, ಅವನ ಕೈಕೆಲಸವನ್ನೋ?

ಪ್ರಶ್ನೆ: ‘ಹಾಬ್ಸನ್ಸ್ ಚಾಯ್ಸ್’ ಸಿನಿಮಾ ನೋಡಿ ತುಂಬಾ ನಕ್ಕೆ. ಆದರೆ ಒಂದು ಅನುಮಾನ ಹಾಗೇ ಉಳಿಯಿತು. ಮ್ಯಾಗಿಗೆ ವಿಲ್ಲಿಯ ಮೇಲೆ ನಿಜವಾಗಿ ಪ್ರೀತಿ ಇತ್ತಾ? ಅಂಗಡಿ ಹಾಕಲು ಒಳ್ಳೆ ಕೆಲಸಗಾರ ಬೇಕಿತ್ತು ಅಂತ ಮದುವೆಯಾದಳಾ?

ಉತ್ತರ: ಇತ್ತು. ಅದು ಶುರುವಾಗಿದ್ದು ಮಾತ್ರ ಅವನ ಕೆಲಸ ನೋಡಿ.

ಇದು 1954ರ ಸಿನಿಮಾ, ನಿರ್ದೇಶಕ ಡೇವಿಡ್ ಲೀನ್. (ಮೂವತ್ತು ವರ್ಷದ ನಂತರ ತೆರೆಗೆ ಬಂದ ತಮ್ಮ ಕೊನೆಯ ಚಿತ್ರಕ್ಕಾಗಿ ನಮ್ಮ ರಾಮನಗರ, ಸಾವನದುರ್ಗದ ಬಂಡೆಗಳಿಗೆ ಕ್ಯಾಮೆರಾ ತಂದವರು ಇವರೇ.) ಮೂಲ ಹೆರಾಲ್ಡ್ ಬ್ರಿಗ್‌ಹೌಸ್ ಅವರ ನಾಟಕ. ಕಥೆ ನಡೆಯುವುದು 1880ರ ಸುಮಾರಿಗೆ, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫೋರ್ಡ್‌ನಲ್ಲಿ. ಹಾಬ್ಸನ್ ಬೂಟಿನಂಗಡಿಯ ಯಜಮಾನ, ಆದರೆ ಅವನು ಹೆಚ್ಚು ಹೊತ್ತು ಕೂರುವುದು ಹೆಂಡದಂಗಡಿಯಲ್ಲಿ. ಚಾರ್ಲ್ಸ್ ಲಾಟನ್ ಈ ಪಾತ್ರವನ್ನು ಮೈತುಂಬಿ ಆಡಿದ್ದಾರೆ. ವ್ಯಾಪಾರವೆಲ್ಲ ಮೂವರು ಹೆಣ್ಣುಮಕ್ಕಳ ತಲೆಯ ಮೇಲೆ. ಸಂಬಳ ಮಾತ್ರ ಒಂದು ಕಾಸೂ ಇಲ್ಲ. ಹಿರಿಯಳು ಮ್ಯಾಗಿಗೆ ಮೂವತ್ತು. ಮದುವೆಯ ವಯಸ್ಸು ದಾಟಿತು ಅಂತ ಅಪ್ಪ ನಗುತ್ತಾನೆ. ಅವಳು ಹೋದರೆ ಅಂಗಡಿ ನಡೆಯುವುದಿಲ್ಲ ಅನ್ನುವುದೂ ಅವನಿಗೆ ಗೊತ್ತು.

ಉತ್ತರ ಸಿಗುವ ಮೊದಲ ಜಾಗ ಅಂಗಡಿಯ ನೆಲ. ಶ್ರೀಮಂತ ಗಿರಾಕಿ ಮಿಸೆಸ್ ಹೆಪ್‌ವರ್ತ್ ಬಂದು, ‘ಈ ಬೂಟು ಹೊಲಿದವನು ಯಾರು?’ ಎಂದು ಕೇಳುತ್ತಾಳೆ. ನೆಲದ ಮುಚ್ಚಳ ತೆರೆದು, ಕೆಳಗಿನ ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ ವಿಲ್ಲಿ ತಲೆ ಹೊರಗೆ ಹಾಕುತ್ತಾನೆ. ಬೈಗುಳ ಕಾದಿದೆ ಅಂತ ಹೆದರಿದ ಮುಖ. ಆದರೆ ಅವನಿಗೆ ಸಿಗುವುದು ಹೊಗಳಿಕೆ, ಜೊತೆಗೆ ಆಕೆಯ ವಿಳಾಸದ ಕಾರ್ಡ್. ಅದನ್ನು ಓದಲೂ ಅವನು ಒದ್ದಾಡುತ್ತಾನೆ. ಮ್ಯಾಗಿ ಎಲ್ಲವನ್ನೂ ನೋಡುತ್ತಾ ನಿಂತಿದ್ದಾಳೆ. ಆ ಕೈಗಳ ಬೆಲೆ ಅವಳಿಗೆ ಗೊತ್ತು. ಗೊತ್ತಿಲ್ಲದಿರುವುದು ವಿಲ್ಲಿಗೇ.

ಆಮೇಲೆ ಅವಳೇ ಮದುವೆ ಮಾತೆತ್ತುತ್ತಾಳೆ. ನನ್ನ ತಲೆ, ನಿನ್ನ ಕೈ, ಇಬ್ಬರೂ ಸೇರಿದರೆ ವ್ಯಾಪಾರ ನಡೆಯುತ್ತದೆ ಅನ್ನುತ್ತಾಳೆ. ಲೆಕ್ಕಾಚಾರ ಅಂತ ನಿಮಗೆ ಅನ್ನಿಸಿದ್ದು ಇಲ್ಲೇ ಅಲ್ವಾ? ಮೂಲ ನಾಟಕದಲ್ಲಿ ಈ ಮಾತುಕತೆಯ ಮುಂದಿನ ಸಾಲು ನೋಡಿ. ಪ್ರೀತಿ ಇಲ್ಲದಿದ್ದರೆ ಏನು ಸುಖ ಅಂತ ವಿಲ್ಲಿ ತಡವರಿಸುತ್ತಾನೆ. ಪ್ರೀತಿ ನನ್ನ ಹತ್ತಿರ ಇದೆ ಅನ್ನುತ್ತಾಳೆ ಮ್ಯಾಗಿ. ಅಷ್ಟೇ. ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಸಾಲು ಇದು. ಬ್ರೆಂಡಾ ಡಿ ಬಾಂಝಿ ಮಾಡಿದ ಮ್ಯಾಗಿ ಕಣ್ಣೀರು ಹಾಕುವವಳಲ್ಲ. ಪ್ರೀತಿಯನ್ನೂ ಅವಳು ಸ್ಟಾಕ್ ಲೆಕ್ಕ ಹೇಳಿದಷ್ಟೇ ನೇರವಾಗಿ ಹೇಳುತ್ತಾಳೆ.

ಬರೀ ದುಡಿಸಿಕೊಳ್ಳುವುದಿದ್ದರೆ ಅವನನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಸ್ಲೇಟು ಕೊಟ್ಟು ಅಕ್ಷರ ತಿದ್ದಿಸಿದಳು. ಹೊಸ ಅಂಗಡಿಯ ಬೋರ್ಡಿನ ಮೇಲೆ ಅವನ ಹೆಸರು ಬರೆಸಿದಳು. ಹೆಂಡತಿ ತನ್ನ ಆಸ್ತಿಯನ್ನು ತಾನೇ ಇಟ್ಟುಕೊಳ್ಳಲು ಪೂರ್ತಿ ಹಕ್ಕು ಕೊಟ್ಟ ಕಾನೂನು ಇಂಗ್ಲೆಂಡಿನಲ್ಲಿ ಬಂದಿದ್ದು 1882ರಲ್ಲಿ. ಅಂದರೆ ಈ ಕಥೆಯ ಕಾಲಕ್ಕೆ ಅದಿನ್ನೂ ಇರಲಿಲ್ಲ. ತನ್ನ ದುಡಿಮೆ, ಬುದ್ಧಿ ಎಲ್ಲವನ್ನೂ ಅವಳು ಒಬ್ಬ ಗಂಡಿನ ಹೆಸರಿನಲ್ಲಿ ಇಡುತ್ತಿದ್ದಾಳೆ. ನಂಬಿಕೆ ಇಲ್ಲದವನ ಜೊತೆ ಯಾರೂ ಹಾಗೆ ಮಾಡುವುದಿಲ್ಲ.

ಇನ್ನು ಸಿನಿಮಾದ ಹೆಸರಿನ ವಿಷಯ. ಕೇಂಬ್ರಿಡ್ಜ್‌ನಲ್ಲಿ ಬಾಡಿಗೆಗೆ ಕುದುರೆ ಕೊಡುತ್ತಿದ್ದ ಥಾಮಸ್ ಹಾಬ್ಸನ್ ಎಂಬಾತನಿದ್ದ. ಬಾಗಿಲ ಹತ್ತಿರ ನಿಂತಿರುವ ಕುದುರೆ ತಗೋ, ಇಲ್ಲಾ ಬಿಡು ಅನ್ನುವುದು ಅವನ ಪದ್ಧತಿ. ಆಯ್ಕೆಯಂತೆ ಕಂಡರೂ ಬೇರೆ ದಾರಿಯೇ ಇಲ್ಲದ ಸ್ಥಿತಿಗೆ ‘ಹಾಬ್ಸನ್ಸ್ ಚಾಯ್ಸ್’ ಅನ್ನುವುದು ಇದರಿಂದಲೇ. ಮೊದಲು ವಿಲ್ಲಿಗೆ ಇದೇ ಗತಿ. ಕೊನೆಗೆ ಕುಡಿದು ಕುಡಿದು ಹಾಸಿಗೆ ಹಿಡಿದ ಮಾವನಿಗೆ ವಿಲ್ಲಿಯೇ ಷರತ್ತು ಹಾಕುತ್ತಾನೆ. ಮಾವನ ಅಂಗಡಿಯಲ್ಲಿ ಪಾಲುದಾರಿಕೆ ಬೇಕು, ಅಲ್ಲಿನ ಬೋರ್ಡಿನಲ್ಲಿ ತನ್ನ ಹೆಸರು ಮೊದಲು ಬರಬೇಕು ಅಂತ. ಮ್ಯಾಗಿಯೇ ಸ್ವಲ್ಪ ಸಡಿಲ ಮಾಡು ಅಂದರೂ ಅವನು ಬಗ್ಗುವುದಿಲ್ಲ. ವಿಲ್ಲಿಯ ಪಾತ್ರ ಮಾಡಿದ ಜಾನ್ ಮಿಲ್ಸ್ ಇಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದನ್ನು ಗಮನಿಸಿ. ಇದು ನೆಲದ ಮುಚ್ಚಳದಿಂದ ಇಣುಕಿದ ಅದೇ ಮನುಷ್ಯ.

ಅವರ ಮದುವೆಯ ಉಂಗುರ ಹಿತ್ತಾಳೆಯದು. ದುಡ್ಡು ಉಳಿಸೋಣ ಅಂತ ಅಂಗಡಿ ಸಾಮಾನಿನಿಂದ ತೆಗೆದುಕೊಂಡಿದ್ದು. ಈಗ ಕೈಯಲ್ಲಿ ಕಾಸಿದೆ, ಚಿನ್ನದ್ದು ಕೊಡಿಸುತ್ತೇನೆ ಅನ್ನುತ್ತಾನೆ ವಿಲ್ಲಿ. ಮ್ಯಾಗಿ ಹಿತ್ತಾಳೆಯದನ್ನು ಬೆರಳಿನಿಂದ ಬಿಚ್ಚಲು ಒಪ್ಪುವುದೇ ಇಲ್ಲ.