ರೀಮಾಸ್ಟರ್ ಅಂದರೆ ಸಾಲದು, ಯಾವ ಟೇಪು ಅಂತ ಕೇಳಿ

ಹಾಡು ಕೇಳುವ ಆ್ಯಪಿನಲ್ಲಿ ಬೀಟಲ್ಸ್‌ನ 'ಟ್ಯಾಕ್ಸ್‌ಮನ್' ಹುಡುಕಿದರೆ ಒಂದೇ ಹಾಡು ಮೂರು ಸಲ ಎದುರಾಗುತ್ತದೆ. ಒಂದರ ಪಕ್ಕ '2009 ರೀಮಾಸ್ಟರ್', ಇನ್ನೊಂದರ ಪಕ್ಕ '2022 ಮಿಕ್ಸ್', ಮತ್ತೊಂದರ ಪಕ್ಕ 'ಮೊನೊ'. ಇಯರ್‌ಫೋನ್ ಹಾಕಿಕೊಂಡು ಮೊದಲ ಎರಡನ್ನು ಒಂದಾದ ಮೇಲೊಂದು ಕೇಳಿ. 2009ರದ್ದರಲ್ಲಿ ಡ್ರಮ್ಸ್, ಬೇಸ್, ರಿದಂ ಗಿಟಾರ್ ಮೂರೂ ಎಡಗಿವಿಗೆ ಅಂಟಿಕೊಂಡಿವೆ. 2022ರದ್ದರಲ್ಲಿ ಡ್ರಮ್ಸ್, ಬೇಸ್ ನಡುವೆ ಬಂದು ನಿಂತಿವೆ. ಹಾಡಿದವರು ಅವರೇ, ನುಡಿಸಿದ್ದು 1966ರಲ್ಲೇ, ಮೂಲ ರೆಕಾರ್ಡಿಂಗೂ ಅದೇ.

ಮೊದಲನೆಯದು ರೀಮಾಸ್ಟರ್, ಎರಡನೆಯದು ರೀಮಿಕ್ಸ್. ಜಾಹೀರಾತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ, ಗೊಂದಲ ಕೊಳ್ಳುವವರ ಪಾಲಿಗೆ. ಸ್ಟುಡಿಯೊದಲ್ಲಿ ಹಾಡು ಮೊದಲು ಹಲವು ಟ್ರ್ಯಾಕ್‌ಗಳ ಟೇಪಿನಲ್ಲಿರುತ್ತದೆ. ಅದನ್ನು ಹದವಾಗಿ ಕೂಡಿಸಿ ಎರಡು ಚಾನೆಲ್‌ಗೆ, ಮೊನೊ ಆದರೆ ಒಂದೇ ಚಾನೆಲ್‌ಗೆ, ಇಳಿಸಿದ್ದು ಮಿಕ್ಸ್. ಆ ಮಿಕ್ಸ್ ಟೇಪನ್ನು ಪ್ಲೇಟಿಗೋ ಸಿಡಿಗೋ ಫೈಲಿಗೋ ಒಗ್ಗಿಸುವ ಕೊನೆಯ ಕೆಲಸ ಮಾಸ್ಟರಿಂಗ್. ಕುದಿದ ಹುಳಿಗೆ ಉಪ್ಪು ಸರಿಮಾಡಬಹುದು, ಒಗ್ಗರಣೆ ಹೊಸದಾಗಿ ಹಾಕಬಹುದು, ಬೇಳೆಯನ್ನು ಮಾತ್ರ ಬೇರೆ ತೆಗೆಯಲಾಗದು. ರೀಮಾಸ್ಟರ್ ಮಾಡುವವರ ಕೈ ಅಷ್ಟಕ್ಕೇ ಕಟ್ಟಿದೆ. ಡ್ರಮ್ಸನ್ನು ಎಡದಿಂದ ನಡುವೆ ತರಬೇಕಾದರೆ ಮಲ್ಟಿಟ್ರ್ಯಾಕ್ ಟೇಪಿಗೇ ಹೋಗಬೇಕು.

ಮರುಬಿಡುಗಡೆಯ ಡಬ್ಬ ಕೈಗೆ ಬಂದರೆ ಹುಡುಕಬೇಕಾದ ಮೊದಲ ಸಂಗತಿ, ಯಾವ ಟೇಪಿನಿಂದ ಮಾಡಿದ್ದಾರೆ ಎಂಬುದು. ಒಂದು ಮಿಕ್ಸಿಗೆ ಒಂದೇ ಮೂಲ ಟೇಪು. ಬೇರೆ ಬೇರೆ ದೇಶಗಳ ಕಾರ್ಖಾನೆಗೆ ಹೋಗುತ್ತಿದ್ದದ್ದು ನಕಲು. ಟೇಪಿನಿಂದ ಟೇಪಿಗೆ ಇಳಿಸಿದಾಗ ಹಿಸ್, ಅಂದರೆ ಟೇಪಿನದೇ ಸುಯ್ ಸದ್ದು, ಸುಮಾರು 3 ಡೆಸಿಬೆಲ್ ಏರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಎಲ್‌ಪಿ ಕೊರೆಯಲೆಂದು ಮಾಡಿದ ನಕಲಿನಲ್ಲಿ ಮುಳ್ಳು ಗೆರೆಯಿಂದ ಹಾರದಿರಲಿ ಎಂದು ಬೇಸನ್ನು ಮೊದಲೇ ಕಡಿಮೆ ಮಾಡಿರುತ್ತಿದ್ದರು. ಸಿಡಿ ಬಂದ ಹೊಸದರಲ್ಲಿ, ಅವಸರದಲ್ಲಿ, ಇಂಥ ನಕಲುಗಳೇ ಎಷ್ಟೋ ಆಲ್ಬಮ್‌ಗಳ ಸಿಡಿಗೆ ಮೂಲವಾದವು. ಹಳೆಯ ಸಿಡಿ ತೆಳುವಾಗಿ ಕೇಳಿಸಿದರೆ ಡಿಜಿಟಲ್ಲನ್ನು ಬೈಯುವುದು ವಾಡಿಕೆ. ತಪ್ಪು ಎಷ್ಟೋ ಸಲ ಟೇಪಿನದು.

ಟೇಪು ಸಿಕ್ಕಿತು ಅನ್ನಿ. ಅದನ್ನು ಸರಿಯಾಗಿ ನುಡಿಸುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರುತ್ತದೆ. ಆಮೇಲಿನ ಗುಂಡಿ ತಿರುಗಿಸುವಿಕೆಗೆ ಸಿಗುವ ಹೆಸರು ಇದಕ್ಕೆ ಸಿಗುವುದಿಲ್ಲ. ಸ್ಟುಡಿಯೊ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 15 ಇಂಚು, ಅಂದರೆ 38 ಸೆಂಟಿಮೀಟರ್, ಓಡುತ್ತದೆ. ಆ ವೇಗದಲ್ಲಿ 15 ಕಿಲೋಹರ್ಟ್ಸ್ ಸದ್ದಿನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ ಬರೀ 25 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕಾಲಿಂಚು ಅಗಲದ ಮೊನೊ ಟೇಪಿಗೆ ಅದನ್ನು ಓದುವ ಹೆಡ್ಡು ನೆಟ್ಟಗೆ ನಿಲ್ಲದೆ 0.23 ಡಿಗ್ರಿ ವಾಲಿದರೆ ಟೇಪಿನ ಮೇಲಂಚಿಗೂ ಕೆಳಂಚಿಗೂ ಸರಿಯಾಗಿ ಒಂದು ಅಲೆಯ ವ್ಯತ್ಯಾಸ ಬಂದು 15 ಕಿಲೋಹರ್ಟ್ಸ್ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದ ಪ್ರತಿ ರೀಲಿಗೂ, ಬೇರೆ ಬೇರೆ ದಿನ ಮಿಕ್ಸ್ ಮಾಡಿ ಅಂಟಿಸಿದ ತುಂಡುಗಳಿದ್ದರೆ ಪ್ರತಿ ಹಾಡಿಗೂ, ಹೆಡ್ಡಿನ ಕೋನ ಹೊಸದಾಗಿ ಹೊಂದಿಸಬೇಕು. ರೀಲಿನ ಮೊದಲಿಗೆ ಪರೀಕ್ಷೆಯ ಸ್ವರಗಳಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಡ್ರಮ್ಸಿನ ಜೊತೆಯ ಹೈಹ್ಯಾಟ್ ತಟ್ಟೆಗಳನ್ನು ಕೇಳುತ್ತ ಕಿವಿಯ ಮೇಲೇ ಹೊಂದಿಸಬೇಕು.

ಧೂಳಿನ ಲೆಕ್ಕ ಇನ್ನೂ ಕಠಿಣ. ಹೆಡ್ಡಿಗೂ ಟೇಪಿಗೂ ನಡುವೆ 5 ಮೈಕ್ರಾನ್ ಕೊಳೆ ಕೂತರೆ ಅದೇ 15 ಕಿಲೋಹರ್ಟ್ಸ್‌ನಲ್ಲಿ ಸುಮಾರು 11 ಡೆಸಿಬೆಲ್ ಹೋಯಿತು. ಹಳೆಯ ಟೇಪು ಓಡುವಾಗ ಕಂದು ಪುಡಿ ಉದುರಿಸುತ್ತಲೇ ಇರುತ್ತದೆ. 2009ರ ಬೀಟಲ್ಸ್ ಸರಣಿಗೆ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದವರು ಒಂದು ಹಾಡು ಡಿಜಿಟಲ್‌ಗೆ ಇಳಿಸಿ, ಹೆಡ್ಡು ಒರೆಸಿ, ಆಮೇಲೆ ಮುಂದಿನ ಹಾಡಿಗೆ ಹೋದರು. ಇಡೀ ಸರಣಿಗೆ ನಾಲ್ಕು ವರ್ಷ ಹಿಡಿಯಿತು. ಸುಮ್ಮನೆ ರೀಲು ಹಚ್ಚಿ ಒಂದೇ ಓಟದಲ್ಲಿ ಇಳಿಸಿದ್ದರೆ ಆಲ್ಬಮ್ಮಿನ ಕೊನೆಯ ಹಾಡುಗಳು ಮಂಕಾಗಿ ಕೂರುತ್ತಿದ್ದವು.

ಕೆಡುವ ಇನ್ನೊಂದು ಜಾಗ ಈಕ್ವಲೈಸೇಶನ್ನಿನ, ಅಂದರೆ ರೆಕಾರ್ಡ್ ಮಾಡುವಾಗ ಏರಿಳಿಸಿದ ಸದ್ದನ್ನು ನುಡಿಸುವಾಗ ಸರಿದೂಗಿಸುವುದರ, ಅಳತೆ. ಯುರೋಪಿನ ಟೇಪು 35 ಮೈಕ್ರೊಸೆಕೆಂಡಿನ ಅಳತೆಯಲ್ಲಿ, ಅಮೆರಿಕದ್ದು 50ರ ಅಳತೆಯಲ್ಲಿ ರೆಕಾರ್ಡ್ ಆಗಿರುತ್ತಿತ್ತು. ಇಂಗ್ಲೆಂಡಿನ ಟೇಪನ್ನು ಅಮೆರಿಕದ ಸೆಟ್ಟಿಂಗಿನಲ್ಲಿ ನುಡಿಸಿದರೆ ಮೇಲಿನ ಸದ್ದು 3 ಡೆಸಿಬೆಲ್ ಏರುತ್ತದೆ, 50 ಹರ್ಟ್ಸ್‌ನ ಬೇಸ್ 3 ಡೆಸಿಬೆಲ್ ಇಳಿಯುತ್ತದೆ. ಕೇಳುವವರು 'ಅಬ್ಬಾ, ಎಷ್ಟು ಸ್ಪಷ್ಟವಾಗಿದೆ' ಅನ್ನುತ್ತಾರೆ, ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ.

70ರ ದಶಕದ ನಡುವಿನಿಂದ 80ರ ದಶಕದವರೆಗಿನ ಕೆಲವು ಬ್ರ್ಯಾಂಡುಗಳ ಟೇಪಿಗೆ ಬೇರೆಯದೇ ರೋಗ. ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಕುಡಿದು ಜಿಗುಟಾಗುತ್ತದೆ. ನುಡಿಸಹೋದರೆ ಕಿರಗುಟ್ಟಿ ಹೆಡ್ಡಿಗೆ ಅಂಟುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನ ಒಣ ಬಿಸಿಯಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಟೇಪು ಓಡುತ್ತದೆ, ಅಷ್ಟರಲ್ಲಿ ಇಳಿಸಿಕೊಳ್ಳಬೇಕು. ಇದನ್ನು ಅಡುಗೆಮನೆಯ ಓವನ್ನಿನಲ್ಲಿ ಮಾಡಬಾರದು, ಅದರ ಉಷ್ಣಾಂಶ ಒಂದೇ ಸಮ ನಿಲ್ಲುವುದಿಲ್ಲ. ಬೆಳಕಿಗೆ ಹಿಡಿದಾಗ ರೀಲು ಅರೆಪಾರದರ್ಶಕವಾಗಿ ಕಂಡರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಳೆಯ ಟೇಪು. ಅದಕ್ಕಂತೂ ಬಿಸಿ ತಾಗಿಸಲೇಬಾರದು. ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಉಳಿದಿರುವ ಹಳೆಯ ಸ್ಪೂಲ್ ಟೇಪುಗಳಿಗೂ ಈ ಮಾತು ಸಲ್ಲುತ್ತದೆ. ಜೊತೆಗೆ ಅಲ್ಲಿ ಬೂಷ್ಟಿನ ಕಾಟ ಬೇರೆ.

ಡಿಜಿಟಲ್‌ಗೆ ಇಳಿದ ಮೇಲೆ ಶುಚಿ ಮಾಡುವ ಆಸೆ ಬರುತ್ತದೆ. ಇಲ್ಲಿ ಕೈ ಬಿಗಿಹಿಡಿದವರೇ ಗೆದ್ದವರು. 2009ರ ಸರಣಿಯಲ್ಲಿ ಒಟ್ಟು 525 ನಿಮಿಷದ ಸಂಗೀತವಿದೆ. ಸದ್ದು ತೆಗೆಯುವ ತಂತ್ರವನ್ನು ಬಳಸಿದ್ದು ಅದರಲ್ಲಿ 5 ನಿಮಿಷಕ್ಕೂ ಕಡಿಮೆ. ವಿದ್ಯುತ್ತಿನ ಟಿಕ್, ಮೈಕಿಗೆ ಬಡಿದ ಉಸಿರು, ಟೇಪಿನ ತುಂಡುಗಳ ಕೆಟ್ಟ ಜೋಡಣೆಗಳನ್ನು ಸರಿಮಾಡಿದರು. ನುಡಿಸುವವರಿಂದಲೇ ಬಂದ ಸದ್ದನ್ನು ಹಾಗೇ ಬಿಟ್ಟರು. ಹಿಸ್ ತೆಗೆಯುವ ಸಾಫ್ಟ್‌ವೇರಿಗೆ ಟೇಪಿನ ಸುಯ್ ಅನ್ನುವ ಸದ್ದಿಗೂ ಸಿಂಬಲ್ ತಟ್ಟಿದ ಮೇಲೆ ಉಳಿಯುವ ಬಾಲಕ್ಕೂ ಭೇದ ಪೂರ್ತಿ ತಿಳಿಯುವುದಿಲ್ಲ. ಅತಿಯಾದರೆ ಸಿಂಬಲ್ ನೀರೊಳಗೆ ತಟ್ಟಿದಂತಾಗುತ್ತದೆ. ಇದನ್ನು ಪತ್ತೆಹಚ್ಚಲು ಹಾಡು ಕೊನೆಯಲ್ಲಿ ಮೆಲ್ಲಗೆ ಮಾಯವಾಗುವ ಹತ್ತು ಸೆಕೆಂಡು ವಾಲ್ಯೂಮ್ ಏರಿಸಿ ಕೇಳಿ. ಹಿಸ್ ಒಂದೇ ಸಮ ಇದ್ದರೆ, ಅಥವಾ ಹಾಡಿನ ಜೊತೆಗೇ ಸಮನಾಗಿ ಇಳಿದರೆ, ಸರಿ. ನಡುವೆ ಗುಳುಗುಳು ಅಂದರೆ ಯಾರೋ ಅತಿ ಮಾಡಿದ್ದಾರೆ.

ದೊಡ್ಡ ಸದ್ದಿನ ಪೈಪೋಟಿಯಲ್ಲಿ ಹಾಳಾದ ಮರುಬಿಡುಗಡೆಗಳಿಗೆ ಲೆಕ್ಕವಿಲ್ಲ. ಲಿಮಿಟರ್ ಹಾಕಿ ಎತ್ತರದ ಅಲೆಗಳ ತಲೆ ತಟ್ಟಿ, ಉಳಿದದ್ದನ್ನೆಲ್ಲ ಮೇಲಕ್ಕೆ ಎತ್ತುತ್ತಾರೆ. ಸ್ನೇರ್ ಡ್ರಮ್ಮಿನ ಏಟು ಮೊಂಡಾಗುತ್ತದೆ. 'ರಾ ಪವರ್' ಆಲ್ಬಮ್ಮಿಗೆ 1997ರಲ್ಲಿ ಅದರ ಹಾಡುಗಾರ ಇಗ್ಗಿ ಪಾಪ್ ಬೇಕೆಂದೇ ಮಾಡಿದ ರೀಮಿಕ್ಸ್ ಇದರ ತುತ್ತತುದಿ. 2009ರ ಬೀಟಲ್ಸ್ ಸ್ಟೀರಿಯೊ ಡಿಸ್ಕುಗಳಿಗೆ ಹದವಾಗಿ ಸ್ವಲ್ಪ ಲಿಮಿಟಿಂಗ್ ಹಾಕಿದ್ದಾರೆ, ಮೊನೊ ಪೆಟ್ಟಿಗೆಗೆ ಇಲ್ಲವೇ ಇಲ್ಲ. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲ ಹಾಡನ್ನೂ ಸುಮಾರು −14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರುವುದರಿಂದ ಜಜ್ಜಿದ ಹಾಡು ಅಲ್ಲಿ ದೊಡ್ಡದಾಗಿಯೂ ಕೇಳಿಸುವುದಿಲ್ಲ, ಚಪ್ಪಟೆಯಾಗಿ ಮಾತ್ರ ಕೇಳಿಸುತ್ತದೆ.

ಎರಡು ಆವೃತ್ತಿ ಹೋಲಿಸುವಾಗ ಮೊದಲು ಮಟ್ಟ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಎರಡೂ ಫೈಲನ್ನು ಎಲ್‌ಯುಎಫ್‌ಎಸ್ ಅಳೆಯಬಲ್ಲ ಪ್ರೋಗ್ರಾಮಿನಲ್ಲಿ ತೆರೆದು, ಇಡೀ ಹಾಡಿನದನ್ನು ಅಳೆದು, ಜೋರಾಗಿರುವುದನ್ನು ಇಳಿಸಿ. ಮೆಲ್ಲಗಿರುವುದನ್ನು ಏರಿಸಬೇಡಿ, ಅಲೆಗಳ ತಲೆ ಕತ್ತರಿಸಿಹೋಗಬಹುದು. ವ್ಯತ್ಯಾಸ 0.2 ಡೆಸಿಬೆಲ್ ಒಳಗೆ ಬಂದ ಮೇಲೆ ಯಾವುದು ಯಾವುದೆಂದು ಕಾಣದಂತೆ ಬದಲಾಯಿಸುತ್ತ ಕೇಳಿ. 24 ಬಿಟ್, 192 ಕಿಲೋಹರ್ಟ್ಸ್ ಅನ್ನುವ ಸಂಖ್ಯೆಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. 60ರ ದಶಕದ ಟೇಪಿನ ಹಿಸ್ ಸಂಗೀತಕ್ಕಿಂತ 60-65 ಡೆಸಿಬೆಲ್‌ನಷ್ಟೇ ಕೆಳಗಿರುತ್ತದೆ, ಸಿಡಿಯ 16 ಬಿಟ್‌ನಲ್ಲೇ 96 ಡೆಸಿಬೆಲ್ ಜಾಗವಿದೆ. ಹೆಚ್ಚಿನ ಬಿಟ್ಟುಗಳು ಕೆಲಸ ಮಾಡುವವರಿಗೆ ಬೇಕು, ಕೇಳುವವರಿಗಲ್ಲ. 180 ಗ್ರಾಂ ಎಲ್‌ಪಿಯ ತೂಕವೂ ಹಾಗೆಯೇ; ಕೈಗೆ ಹಿತ, ಕಿವಿಗೆ ಅದರಿಂದ ಲಾಭವಿಲ್ಲ.

ಇನ್ನು ರೀಮಿಕ್ಸ್. ಬೀಟಲ್ಸ್‌ನ 1967ರ ಆಲ್ಬಮ್ 'ಸಾರ್ಜೆಂಟ್ ಪೆಪ್ಪರ್ಸ್' ಮಾಡಿದ್ದು ಸ್ಟೂಡರ್ ಜೆ37 ಎಂಬ ನಾಲ್ಕು ಟ್ರ್ಯಾಕಿನ ಮಶೀನುಗಳಲ್ಲಿ. ನಾಲ್ಕೂ ತುಂಬಿದರೆ ಅವನ್ನು ಇನ್ನೊಂದು ಟೇಪಿನ ಒಂದೋ ಎರಡೋ ಟ್ರ್ಯಾಕಿಗೆ ಕೂಡಿಸಿ, ಮಿಕ್ಕ ಟ್ರ್ಯಾಕುಗಳಲ್ಲಿ ಮುಂದುವರಿಸುತ್ತಿದ್ದರು. ಡ್ರಮ್ಸ್ ಹೀಗೆ ಎರಡು ಮೂರು ತಲೆಮಾರು ದಾಟಿ ಮಂಕಾಗುತ್ತಿತ್ತು. 2017ರಲ್ಲಿ ನಿರ್ಮಾಪಕ ಜೈಲ್ಸ್ ಮಾರ್ಟಿನ್, ಎಂಜಿನಿಯರ್ ಸ್ಯಾಮ್ ಓಕೆಲ್ ಇಬ್ಬರೂ ಹೀಗೆ ಕೂಡಿಸುವುದಕ್ಕೆ ಮುಂಚಿನ ಟೇಪುಗಳನ್ನೇ ತೆಗೆದು ಕಂಪ್ಯೂಟರಿನಲ್ಲಿ ಒಂದಕ್ಕೊಂದು ತಾಳ ಹೊಂದಿಸಿ ಜೋಡಿಸಿದರು. ಹೊಸ ಮಿಕ್ಸಿನಲ್ಲಿ ಡ್ರಮ್ಮಿನ ಚರ್ಮ ಕೇಳಿಸುವುದು ಆ ಕಾರಣಕ್ಕೆ. 1966ರ 'ರಿವಾಲ್ವರ್' ಆಲ್ಬಮ್ಮಿಗೆ ಈ ದಾರಿಯೂ ಇರಲಿಲ್ಲ: ಅದರಲ್ಲಿರುವ 'ಟ್ಯಾಕ್ಸ್‌ಮನ್'ನ ಡ್ರಮ್ಸ್, ಬೇಸ್, ಗಿಟಾರ್ ಮೊದಲೇ ಒಂದೇ ಟ್ರ್ಯಾಕಿನಲ್ಲಿದ್ದವು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಬೆಳೆಸಿದ, ಕಲಿಯುವ ಸಾಫ್ಟ್‌ವೇರ್ ಅವನ್ನು ಬಿಡಿಸಿತು. ಕೊನೆಗೂ ಹುಳಿಯಿಂದ ಬೇಳೆ ಬೇರೆ ಬಂತು. ಕೆಲಸ ಬೆರಗು ಹುಟ್ಟಿಸುವಂಥದ್ದೇ, ಆದರೂ ಅದು 1966ರ ಕೇಳ್ಮೆ ಅಲ್ಲ. ಹಳೆಯ ಮಿಕ್ಸನ್ನೂ ಪಕ್ಕದಲ್ಲಿಟ್ಟು ಮಾರುವುದು ನ್ಯಾಯ. ಇದಕ್ಕೆ ತದ್ವಿರುದ್ಧದ ಉದಾಹರಣೆ ಹಾಡುಗಾರ ಆಜಿ ಆಸ್ಬೊರ್ನ್ ಅವರ ಮೊದಲ ಎರಡು ಸೋಲೊ ಆಲ್ಬಮ್‌ಗಳ 2002ರ ಮರುಬಿಡುಗಡೆ. ಅದರಲ್ಲಿ ಬೇಸ್, ಡ್ರಮ್ಸನ್ನು ಬೇರೆಯವರಿಂದ ಹೊಸದಾಗಿ ನುಡಿಸಿ ಸೇರಿಸಿದ್ದರು. ಮೂಲ ನುಡಿಸುವಿಕೆ ಮರಳಿದ್ದು 2011ರಲ್ಲಿ. ಹಳೆ ಸಿಡಿ ಕೊಳ್ಳುವಾಗ ಹಿಂಬದಿಯ ವರ್ಷ ನೋಡಲೇಬೇಕು.

ವಿಸ್ತರಿಸಿದ ಆವೃತ್ತಿಗಳಲ್ಲಿ ಹೆಚ್ಚುವರಿ ಹಾಡನ್ನು ಆಲ್ಬಮ್ಮಿನ ಬಾಲಕ್ಕೆ ಕಟ್ಟುವುದು ಕೆಟ್ಟ ಅಭ್ಯಾಸ. ಕೊನೆಯ ಹಾಡು ಮುಗಿದ ಮೌನದೊಳಕ್ಕೆ ಅರೆಬೆಂದ ಟೇಕೊಂದು ನುಗ್ಗುತ್ತದೆ. ಲೆಡ್ ಝೆಪೆಲಿನ್ ಸರಣಿಯನ್ನು 2014-15ರಲ್ಲಿ ಆ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಹೊರತಂದಾಗ ಹೆಚ್ಚುವರಿಗೆ ಬೇರೆ ಡಿಸ್ಕೇ ಇಟ್ಟರು; ಮೊದಲ ಆಲ್ಬಮ್ಮಿನ ಜೊತೆಗಿರುವುದು 1969ರ ಅಕ್ಟೋಬರ್ 10ರ ಪ್ಯಾರಿಸ್ ಕಛೇರಿ. 2018ರ 'ವೈಟ್ ಆಲ್ಬಮ್' ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ಈಶರ್‌ನಲ್ಲಿದ್ದ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಮನೆಯಲ್ಲಿ ಮಾಡಿದ 27 ಡೆಮೊಗಳಿವೆ. ರಿಷಿಕೇಶದಲ್ಲಿ ಕಟ್ಟಿದ ಹಾಡುಗಳು ಅಲ್ಲಿ ಬಹುಪಾಲು ಗಿಟಾರಿನ ಮೇಲೆ ಸಿಗುತ್ತವೆ. ಆ ಪೆಟ್ಟಿಗೆಯ ಬೆಲೆಗೆ ಅದೊಂದೇ ಸಾಕು. ಬಿಡಿ ಟೇಕುಗಳ ಮೂಟೆ ಹೊರಬರುವುದರ ಹಿಂದೆ ಕಾನೂನೂ ಇದೆ. ಯುರೋಪು 2011ರಲ್ಲಿ ರೆಕಾರ್ಡಿಂಗ್ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿತು, ಆದರೆ 50 ವರ್ಷದೊಳಗೆ ಪ್ರಕಟಿಸದ್ದಕ್ಕೆ ಆ ಲಾಭವಿಲ್ಲ. 2013ರ ಡಿಸೆಂಬರಿನಲ್ಲಿ ಬೀಟಲ್ಸ್‌ನ 1963ರ 59 ಟ್ರ್ಯಾಕುಗಳು ಸದ್ದಿಲ್ಲದೆ ಐಟ್ಯೂನ್ಸ್‌ಗೆ ಬಂದದ್ದು ಇದೇ ಗಡುವಿನ ಹೊತ್ತಿಗೆ.

ನಮ್ಮ ಕಿವಿಗೆಂದೇ ಇರುವಂಥದ್ದು 'ಪೆಪ್ಪರ್ಸ್' ಪೆಟ್ಟಿಗೆಯಲ್ಲಿ ಒಂದಿದೆ: 'ವಿದಿನ್ ಯೂ ವಿದೌಟ್ ಯೂ' ಹಾಡಿನ ಮೊದಲ ಟೇಕು, ದಿಲ್‌ರುಬಾ, ತಂಬೂರಿ, ತಬಲಾದಂಥ ಭಾರತೀಯ ವಾದ್ಯಗಳಷ್ಟೇ ಇರುವಂಥದ್ದು. ಟೇಪು ಒಂದೇ ವೇಗದಲ್ಲಿ ಓಡಿದೆಯೇ ಎಂದು ನೋಡಲು ತಂಬೂರಿಗಿಂತ ಒಳ್ಳೆಯ ಉಪಕರಣವಿಲ್ಲ. ವೇಗ ನೂರಕ್ಕೆ ಒಂದರಷ್ಟು ತಪ್ಪಿದರೂ ಶ್ರುತಿ ಅರ್ಧ ಸ್ವರದ ಆರನೇ ಒಂದು ಭಾಗ ಜಾರುತ್ತದೆ.

ವೇಗವೇ ಆವೃತ್ತಿಯ ಗುರುತೂ ಆಗಬಲ್ಲದು. 'ಪೆಪ್ಪರ್ಸ್'ನ ಹಳೆಯ ಎಲ್‌ಪಿ ಸಿಕ್ಕಿ ಕವರು ಹರಿದಿದ್ದರೆ ಲೇಬಲ್ ನೋಡಿ: ಪಿಎಂಸಿ 7027 ಮೊನೊ, ಪಿಸಿಎಸ್ 7027 ಸ್ಟೀರಿಯೊ. ಲೇಬಲ್ಲೂ ಮಾಸಿದ್ದರೆ 'ಶೀ ಈಸ್ ಲೀವಿಂಗ್ ಹೋಮ್' ಹಚ್ಚಿ ಶ್ರುತಿಪೆಟ್ಟಿಗೆ ಹಿಡಿದುಕೊಳ್ಳಿ. ಮೊನೊ ಮಿಕ್ಸ್ ಮಾಡುವಾಗ ಟೇಪನ್ನು ಬೇಕೆಂದೇ ಜೋರಾಗಿ ಓಡಿಸಿದ್ದರು. ಅವಸರದ ಸ್ಟೀರಿಯೊ ಮಿಕ್ಸಿನಲ್ಲಿ ಹಾಗೆ ಮಾಡಲಿಲ್ಲ. ನಿಮ್ಮ ಟರ್ನ್‌ಟೇಬಲ್ಲಿನ ವೇಗ ಸರಿಯಿದ್ದು, ಹಾಡಿನ ಷಡ್ಜ ನಾಲ್ಕು ಮನೆಗೆ ಕೂತರೆ ಕೈಯಲ್ಲಿರುವುದು ಮೊನೊ, ಮೂರು ಮನೆಗೆ ಕೂತರೆ ಸ್ಟೀರಿಯೊ. 2017ರ ಮಿಕ್ಸ್ ಸ್ಟೀರಿಯೊ ಆದರೂ ನಾಲ್ಕು ಮನೆಗೇ ಕೂರುತ್ತದೆ.